ಒಳ್ಳೆ ಕಲ್ಲು ಬಲಕ್ಕೆ

ಆಕೆ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಪುಡಿ ಸಾಹೇಬ ಎಂದೇ ಕರೆದಳು. ಕಲ್ಲನ್ನು ಕೈಯಲ್ಲಿ ಎತ್ತಿದರೆ ತಿಳಿಯುವ ಸಂಗತಿಗಾಗಿ ಅದನ್ನು ಕುಟ್ಟಿ, ಅರೆದು, ಪುಡಿ ಮಾಡಿ, ಆಮ್ಲದಲ್ಲಿ ಕುದಿಸಿ ಇಡೀ ಒಂದು ದಿನ ಹಾಳು ಮಾಡುವವನಿಗೆ ಇನ್ನೇನು ಹೆಸರಿಡಬೇಕು ಎಂಬುದು ಆಕೆಯ ವಾದ. ಇಪ್ಪತ್ತು ವರ್ಷ ಕಳೆದು, ನಾನು ಹಳಿಯಾಳದ ಪೇಟೆಯಲ್ಲಿ ಸಲಿಕೆ ಗುದ್ದಲಿ ಮಾರುತ್ತ ಹೊಟ್ಟೆ ಬೆಳೆಸಿಕೊಂಡ ಮೇಲೂ ಆಕೆ ಅಂಗಡಿಯ ಮೆಟ್ಟಿಲ ಕೆಳಗೆ ನಿಂತು "ಪುಡಿ ಸಾಹೇಬ್ರ, ಅದೀರೇನ್ರಿ" ಎಂದು ಕೂಗುತ್ತಿದ್ದಳು. ಗಿರಾಕಿಗಳು ನಗುತ್ತಿದ್ದರು. ನಾನೂ ನಕ್ಕ ಹಾಗೆ ಮಾಡುತ್ತಿದ್ದೆ. ಹೋದ ತಿಂಗಳು ಆಕೆ ತೀರಿಕೊಂಡಳು. ಇನ್ನು ನನ್ನನ್ನು ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ, ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಿಲ್ಲ.

ನಮ್ಮಿಬ್ಬರ ಗುರುತಾದದ್ದು ಜೋಯಿಡಾ ತಾಲೂಕಿನ ಒಂದು ಗುಡ್ಡದ ಮೇಲೆ. ಆ ಗುಡ್ಡದ ಹೊಟ್ಟೆಯಲ್ಲಿ ಮ್ಯಾಂಗನೀಸ್ ಅದಿರು ಇತ್ತು. ಸುತ್ತಲಿನ ಹಳ್ಳಿಯವರು ಅದನ್ನು ಕರಿಕಲ್ಲು ಎನ್ನುತ್ತಿದ್ದರು. ಉಕ್ಕು ಗಟ್ಟಿಯಾಗಬೇಕಾದರೆ ಕುಲುಮೆಯಲ್ಲಿ ಈ ಕಲ್ಲಿನ ಸತ್ವ ಸೇರಬೇಕು. ನಾನು ಮುಂಡಗೋಡದ ಅಕ್ಕಿ ವ್ಯಾಪಾರದ ಮನೆಯವನು. ಸೋಮವಾರ ಲಿಂಗಪೂಜೆಯಾಗದೆ ತಕ್ಕಡಿ ಮುಟ್ಟದ ಮನೆ ನಮ್ಮದು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಅಪ್ಪನ ತಕ್ಕಡಿಗೆ ಬೆನ್ನು ತಿರುಗಿಸಿ, ಆ ಗಣಿಯ ತಗಡಿನ ಪ್ರಯೋಗಶಾಲೆಗೆ ಸೇರಿದಾಗ ನನಗೆ ಇಪ್ಪತ್ತನಾಲ್ಕು ವಯಸ್ಸು. ಬಿಳಿ ಕೋಟು ಹಾಕಿಕೊಂಡು ಕಾಡಿನಲ್ಲಿ ಓಡಾಡುತ್ತಿದ್ದೆ. ಕೆಮ್ಮಣ್ಣಿನ ಗಣಿಯಲ್ಲಿ ಬಿಳಿ ಕೋಟು ಹಾಕಿದವನ ಬುದ್ಧಿಮಟ್ಟ ಎಷ್ಟಿದ್ದೀತು ಎಂಬುದನ್ನು ಆಕೆ ಮೊದಲ ದಿನವೇ ಅಳೆದಳು.

ಆಕೆ ಹಳಿಯಾಳದ ಕಡೆಯ ಒಂದು ಹಳ್ಳಿಯ ಸಿದ್ದಿ ಹೆಂಗಸು. ಗಣಿಯಲ್ಲಿ ಕಲ್ಲು ಆರಿಸುವ ಮೂವತ್ತು ಹೆಂಗಸರಿಗೆ ಯಜಮಾನಿ. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎತ್ತರದ ಆಳು, ಅಗಲವಾದ ಅಂಗೈ, ಬಾಯಲ್ಲಿ ಸದಾ ಎಲೆ ಅಡಿಕೆ. ಅಂಗಳದಲ್ಲಿ ಸುರುವಿದ ಕಲ್ಲಿನ ಮುಂದೆ ಹೆಂಗಸರು ಸಾಲಾಗಿ ಕೂತು, ಗಿಡ್ಡ ಕಾವಿನ ಸುತ್ತಿಗೆಯಿಂದ ಒಡೆದು, ಒಳ್ಳೆಯ ಕಲ್ಲನ್ನು ಬಲಕ್ಕೂ ಸತ್ವವಿಲ್ಲದ್ದನ್ನು ಎಡಕ್ಕೂ ಎಸೆಯುತ್ತಿದ್ದರು. ನೋಡುವವರಿಗೆ ಅದು ನೋಡದೆ ಎಸೆದ ಹಾಗೆ ಕಾಣುತ್ತಿತ್ತು. ನಿಜಕ್ಕೂ ಅವರು ನೋಡುತ್ತಿರಲಿಲ್ಲ. ಮಗಳ ಮದುವೆ, ಗಂಡನ ಕುಡಿತ, ಅರಣ್ಯ ಇಲಾಖೆಯವರು ಹಿಡಿದ ಸೌದೆ ಹೊರೆ, ಎಲ್ಲದರ ಮಾತು ನಡೆದೇ ಇರುತ್ತಿತ್ತು. ಕಲ್ಲಿನ ಕಡೆ ಕಣ್ಣು ಹೋಗುತ್ತಲೇ ಇರಲಿಲ್ಲ. ಕೈ ತೂಕ ಹಿಡಿದು ತಾನೇ ನಿರ್ಧರಿಸುತ್ತಿತ್ತು.

ಸೇರಿದ ವಾರ ನಾನು ಆಕೆಯನ್ನು ಪರೀಕ್ಷೆ ಮಾಡಲು ಹೋದೆ. ಹತ್ತು ಕಲ್ಲು ಕೊಟ್ಟು, ಯಾವುದರಲ್ಲಿ ಸತ್ವ ಹೆಚ್ಚು, ಯಾವುದರಲ್ಲಿ ಕಡಿಮೆ, ಸಾಲಾಗಿ ಇಡು ಎಂದೆ. ಆಕೆ ಎಲೆ ಅಡಿಕೆ ಉಗುಳಿ ಬರುವಷ್ಟರಲ್ಲಿ ಇಟ್ಟು ಮುಗಿಸಿದಳು. ನಾನು ಎರಡು ದಿನ ಪುಡಿ ಮಾಡಿ, ಕುದಿಸಿ, ಸೋಸಿ ನೋಡಿದೆ. ಎಂಟು ಸರಿಯಿದ್ದವು, ಎರಡು ಅದಲುಬದಲಾಗಿದ್ದವು. ಗೆದ್ದವನ ಹಾಗೆ ಹೋಗಿ ಹೇಳಿದೆ. ಆಕೆ ಆ ಎರಡು ಕಲ್ಲಿನ ಉಳಿದ ಚೂರುಗಳನ್ನು ತರಿಸಿಕೊಂಡು ಎತ್ತಿ ನೋಡಿ, ಮತ್ತೊಮ್ಮೆ ಪುಡಿ ಮಾಡ್ರಿ ಎಂದಳು. ಮಾಡಿದೆ. ತಪ್ಪು ನನ್ನದಾಗಿತ್ತು. ಆಮೇಲೆ ನಾನು ಆಕೆಗೆ ಪರೀಕ್ಷೆ ಕೊಡಲು ಹೋಗಲಿಲ್ಲ.

ಆಕೆ ಆರಿಸಿದ ಕಲ್ಲು ಲಾರಿಯಲ್ಲಿ ದಾಂಡೇಲಿಯ ಒಂದು ಸಣ್ಣ ಕುಲುಮೆಗೆ ಹೋಗುತ್ತಿತ್ತು. ಅಲ್ಲಿ ಅದು ಕರಗಿ, ಲೋಹವಾಗಿ, ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಗಣಿಯ ಪರವಾನಗಿಯಲ್ಲೇ ಒಂದು ಷರತ್ತಿತ್ತು: ಒಳ್ಳೆಯ ದರ್ಜೆಯ ಕಲ್ಲನ್ನು ಮೊದಲು ನಾಡಿನ ಕುಲುಮೆಗೆ ಕೊಡಬೇಕು, ಕೆಳದರ್ಜೆಯದು ಮಾತ್ರ ನೇರ ಹೊರದೇಶಕ್ಕೆ ಹೋಗಬಹುದು. ಕುಲುಮೆಯಲ್ಲಿ ಆಕೆಯ ಹಳ್ಳಿಯ ಗಂಡಸರಿದ್ದರು, ಅಂಗಳದಲ್ಲಿ ಹೆಂಗಸರಿದ್ದರು. ಯಾರೂ ಶ್ರೀಮಂತರಾಗಿರಲಿಲ್ಲ. ಆದರೆ ಕಲ್ಲು ಇಲ್ಲಿ ಎದ್ದು, ಇಲ್ಲೇ ಆಯ್ಕೆಯಾಗಿ, ಇಲ್ಲೇ ಕರಗಿ ನಾಲ್ಕು ಕಡೆ ಅನ್ನ ಕೊಟ್ಟು ಹೋಗುತ್ತಿತ್ತು.

ಅಷ್ಟರಲ್ಲಿ ವಿದೇಶಿ ಬಂಡವಾಳ ಬಂತು. ಗಣಿಯ ಹಳೆಯ ಮಾಲೀಕರು ತಮ್ಮ ಪಾಲನ್ನು ಸಮುದ್ರದಾಚೆಯ ಒಂದು ಕಂಪನಿಗೆ ಮಾರಿದರು. ಗುಡ್ಡದ ಬುಡದಲ್ಲಿ ಶಾಮಿಯಾನ ಹಾಕಿ ದೊಡ್ಡವರೊಬ್ಬರು ಭಾಷಣ ಮಾಡಿದರು. ಇನ್ನು ಮೇಲೆ ಈ ಗುಡ್ಡದ ಹೆಸರು ಜಗತ್ತಿನ ಮಾರುಕಟ್ಟೆಯಲ್ಲಿ ಇರುತ್ತದೆ, ರಫ್ತು ಬೆಳೆದರೆ ದೇಶ ಬೆಳೆಯುತ್ತದೆ ಎಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ರಫ್ತು ಶುರುವಾಗುವ ಮೊದಲೇ ಆಮದು ಶುರುವಾಯಿತು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅಗೆಯುವ ಯಂತ್ರ ಹಡಗಿನಲ್ಲಿ ಬಂತು, ಅದರ ಟೈರು ಹಡಗಿನಲ್ಲಿ ಬಂತು, ಅದು ಕೆಟ್ಟರೆ ರಿಪೇರಿ ಮಾಡುವವನು ವಿಮಾನದಲ್ಲಿ ಬಂದ. ಕೊನೆಗೆ ಆರಿಸುವ ಹೆಂಗಸರಿಗೆ ಹಳದಿ ಹೆಲ್ಮೆಟ್ಟು ಕೂಡ ಹೊರದೇಶದಿಂದ ಬಂತು. ಅವರ ದಟ್ಟ ಗುಂಗುರು ಕೂದಲಿನ ಮೇಲೆ ಅದು ಕೂರಲೇ ಇಲ್ಲ. ಅಕ್ಕ ತನ್ನದನ್ನು ಮನೆಗೆ ಒಯ್ದು, ಹುಲ್ಲು ಹಾಕಿ, ಕಾವಿಗೆ ಕೂತ ಕೋಳಿಗೆ ಕೊಟ್ಟಳು. ಅಷ್ಟೂ ಮೊಟ್ಟೆ ಮರಿಯಾದವು ಎಂದು ಹೇಳಿಕೊಂಡು ತಿರುಗಿದಳು. ಆ ಬಂಡವಾಳದಿಂದ ನಮ್ಮ ಕಡೆ ಹುಟ್ಟಿ ಬೆಳೆದದ್ದು ಬಹುಶಃ ಆ ಮರಿಗಳು ಮಾತ್ರ.

ಕಂಪನಿಯ ಪರವಾಗಿ ನಮ್ಮನ್ನು ಆಳಲು ಬೆಳಗಾವಿ ಕಡೆಯ ಒಬ್ಬ ಮ್ಯಾನೇಜರ್ ಬಂದ. ಮಾತಿಗೊಮ್ಮೆ "ಗ್ಲೋಬಲ್" ಎನ್ನುತ್ತಿದ್ದ. ಚಹಾ ತಣ್ಣಗಿದ್ದರೂ ಅದು ಗ್ಲೋಬಲ್ ಮಟ್ಟದ್ದಲ್ಲ ಎನ್ನುವ ಮನುಷ್ಯ. ಅವನ ಹಿಂದೆಯೇ ಕಂಪನಿಯ ತಜ್ಞ ಬಂದ. ಬಿಳಿಯ, ವಯಸ್ಸಾದವ, ಬಿಸಿಲಿಗೆ ಕೆಂಪಾಗಿದ್ದ. ಅವನು ಅಂಗಳಕ್ಕೆ ಬಂದು ಸಿದ್ದಿ ಹೆಂಗಸರನ್ನು ನೋಡಿ ಬೆರಗಾದ. ತಾನು ಆಫ್ರಿಕಾದ ಗಣಿಗಳಲ್ಲಿ ಬಹಳ ವರ್ಷ ಇದ್ದವನೆಂದೂ, ಅಲ್ಲಿ ನಿಮ್ಮಂಥ ಹೆಂಗಸರನ್ನು ಕಂಡಿದ್ದೇನೆಂದೂ, ನಿಮ್ಮ ಮೂಲ ಅಲ್ಲಿಯದಲ್ಲವೇ ಎಂದೂ ಕೇಳಿದ. ಮ್ಯಾನೇಜರ್ ಇದನ್ನು ಸನ್ಮಾನ ಮಾಡಿದ ಹಾಗೆ ಕನ್ನಡಕ್ಕೆ ತಂದು ಹೇಳಿದ.

ಎಲ್ಲಿಯವರು ನೀವು ಎಂದು ಯಾರಾದರೂ ಕೇಳಿದರೆ, ನಿಮ್ಮಜ್ಜ ಇಲ್ಲಿಗೆ ಬರೂ ಮುಂದ ದಾರಿ ತೋರಿಸಿದವ್ರು ಎನ್ನುವುದು ಆಕೆಯ ರೂಢಿಯ ಉತ್ತರ. ಆವತ್ತು ಹಾಗೆ ಹೇಳಲಿಲ್ಲ. ಸುತ್ತಿಗೆ ಕೆಳಗಿಟ್ಟು ಕೇಳಿದಳು: "ಅಲ್ಲೂ ಹಿಂಗ ಕಲ್ಲು ಒಯ್ದ್ರೇನು ಕೇಳ್ರಿ. ಅಲ್ಲಿ ಕುಲುಮೆ ಹಾಕಿ ಕೊಟ್ಟ್ರೇನು?"

ಮ್ಯಾನೇಜರ್ ಅಷ್ಟನ್ನು ಕೇಳಿದ. ತಜ್ಞ ಪ್ರಾಮಾಣಿಕ ಮನುಷ್ಯ, ಇಲ್ಲ, ಅಲ್ಲಿ ಬಂದರು ಕಟ್ಟಿದೆವು, ರೈಲು ಹಾಕಿದೆವು, ಕಲ್ಲು ನೇರ ಹಡಗಿಗೆ ಹೋಗುತ್ತಿತ್ತು ಎಂದ. ಈಗ ಗಣಿ ಮುಚ್ಚಿದೆ ಎಂದೂ ಹೇಳಿದ.

"ಅಲ್ಲಿ ಕಲ್ಲು ಮುಗೀತು ಅಂತ ಇಲ್ಲಿಗೆ ಬಂದ್ರೇನು? ಇಲ್ಲಿ ಮುಗದ ಮ್ಯಾಲ ಎಲ್ಲಿಗೆ ಹೋಗ್ತೀರಿ, ಅಲ್ಲಿ ಹೆಂಗಸರು ಹೆಂಗಿರ್ತಾರ ಅಂತ ಕೇಳ್ರಿ" ಎಂದಳು. ಮ್ಯಾನೇಜರ್ ಇದನ್ನು ಭಾಷಾಂತರ ಮಾಡಲಿಲ್ಲ. ನಿಮ್ಮನ್ನು ಕಂಡು ಅವರಿಗೆ ಬಹಳ ಸಂತೋಷವಾಗಿದೆ ಎಂದು ತಜ್ಞನಿಗೆ ಹೇಳಿದ. ತಜ್ಞ ಕೈಮುಗಿದ. ಅಕ್ಕ ನನ್ನ ಕಡೆ ನೋಡಿದಳು. ನನಗೆ ಇಂಗ್ಲಿಷ್ ಬರುತ್ತಿತ್ತು, ನಾನು ನನ್ನ ಬಿಳಿ ಕೋಟಿನ ಗುಂಡಿ ನೋಡುತ್ತ ನಿಂತಿದ್ದೆ.

ಆ ತಜ್ಞ ಬಂದದ್ದು ಕಲ್ಲಿನ ದರ್ಜೆ ನಿರ್ಧರಿಸಲು. ಕಂಪನಿಯ ಹೊಸ ವ್ಯವಸ್ಥೆ ಬಹಳ ಸರಳವಾಗಿತ್ತು. ಗುಡ್ಡದ ಕಲ್ಲನ್ನು ಮಾರುವುದು ಆ ಕಂಪನಿ, ಸಮುದ್ರದಾಚೆ ಅದನ್ನು ಕೊಳ್ಳುವುದೂ ಅದರದೇ ಇನ್ನೊಂದು ಕಂಪನಿ. ಎಡಗೈಯಿಂದ ಬಲಗೈಗೆ ಮಾರುವವನಿಗೆ ಬೆಲೆ ಕಡಿಮೆಯಿದ್ದಷ್ಟೂ ಚಂದ, ಸರ್ಕಾರಕ್ಕೆ ಕಟ್ಟುವ ಪಾಲೂ ಕಡಿಮೆಯಾಗುತ್ತದೆ. ಕಲ್ಲು ಕೆಳದರ್ಜೆಯದು ಎಂದು ಕಾಗದದಲ್ಲಿ ಬಂದರೆ ಷರತ್ತೂ ತಪ್ಪಿತು, ದಾಂಡೇಲಿಯ ಕುಲುಮೆಯೂ ತಪ್ಪಿತು, ಎಲ್ಲ ಕಲ್ಲೂ ನೇರ ಬಂದರಿಗೆ. ಸಮುದ್ರದಾಚೆ ಕಂಪನಿಯದೇ ಕುಲುಮೆಯಲ್ಲಿ ಕರಗಿ ಲೋಹವಾಗಿ ತಿರುಗಿ ನಮಗೇ ಬರುತ್ತದೆ. ಇದಕ್ಕೆ ವ್ಯಾಪಾರ ಎಂದು ಹೆಸರು. ಆದರೆ ಇದೆಲ್ಲ ನಡೆಯಬೇಕಾದರೆ ಒಂದು ಕಾಗದ ಬೇಕಿತ್ತು, ಆ ಕಾಗದಕ್ಕೆ ನೂರಕ್ಕೆ ಎಷ್ಟು ಸತ್ವ ಎಂಬ ಒಂದು ಅಂಕಿ ಬೇಕಿತ್ತು, ಅಂಕಿ ಬರೆಯುವವನು ನಾನಾಗಿದ್ದೆ.

ಅದಕ್ಕಾಗಿ ಮ್ಯಾನೇಜರ್ ಒಂದು ಮಾದರಿ ರಾಶಿ ಹಾಕಿಸಿದ. ಗುಂಡಿಯಿಂದ ಬಂದದ್ದನ್ನು ಮಣ್ಣು, ಕಲ್ಲು, ಕಸ ಒಂದೂ ಬಿಡದೆ ಅಂಗಳಕ್ಕೆ ಸುರುವಿ, ದೊಡ್ಡ ಬಂಡೆಗಳನ್ನು ಒಡೆದಷ್ಟೇ ಸಾಕು, ಯಾರೂ ಆರಿಸಬಾರದು ಎಂದು ಹೆಂಗಸರಿಗೆ ಕಟ್ಟಪ್ಪಣೆ ಮಾಡಿದ. ಮಣ್ಣು ಕಸ ಬೆರೆತರೆ ಅಂಕಿ ಇಳಿಯುತ್ತದೆ, ಅದಕ್ಕೇ ಹೀಗೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೆಂಗಸರು ಹೂಂ ಎಂದು ಕೂತು ಒಡೆಯತೊಡಗಿದರು. ಮಾತು ಶುರುವಾಯಿತು. ಯಾರದೋ ಮಗಳು ಕೋಗಿಲಬನದ ಹುಡುಗನ ಹಿಂದೆ ಓಡಿಹೋದ ಸುದ್ದಿ ಅವತ್ತಿನದು, ರಸವತ್ತಾಗಿತ್ತು. ಮಧ್ಯಾಹ್ನದವರೆಗೂ ಅದೇ ಮಾತು. ಕೈಗಳು ತಮ್ಮ ಪಾಡಿಗೆ ತಾವು ಒಳ್ಳೆ ಕಲ್ಲನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಎಸೆದವು. ಸಂಜೆ ಬುಟ್ಟಿಯವರು ಬಂದು ದಿನವೂ ಮಾಡುವಂತೆ ಬಲಗಡೆಯದನ್ನು ಹೊತ್ತು ಮಾದರಿಯ ಕಟ್ಟೆಗೆ ಸುರುವಿದರು, ಎಡಗಡೆಯದನ್ನು ಹೊತ್ತು ಹಿಂದಿನ ತಿಪ್ಪೆಗೆ ಎಸೆದರು. ಆರಿಸಬೇಡಿ ಎಂದ ರಾಶಿ ಆರಿಸಿದ ರಾಶಿಯಾಗಿ ನಿಂತಿತು. ಯಾರಿಗೂ ಇದರ ಅರಿವಿಲ್ಲ.

ಮಾರನೆಯ ದಿನ ತಜ್ಞನ ಎದುರಿಗೇ ನಾನು ಮಾದರಿ ತೆಗೆದೆ. ರಾಶಿಯನ್ನು ಹರಡಿ, ರೊಟ್ಟಿ ಮುರಿದ ಹಾಗೆ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದೆರಡನ್ನು ಮತ್ತೆ ಹರಡಿ, ಹೀಗೆ ಮಾಡುತ್ತ ಮಾಡುತ್ತ ಕೊನೆಗೆ ಎರಡು ಹಿಡಿ ಉಳಿಸುವುದು ಕ್ರಮ. ಒಂದು ಹಿಡಿ ಪುಡಿ ಮಾಡಲಿಕ್ಕೆ. ಇನ್ನೊಂದು ಹಿಡಿ ಸಾಕ್ಷಿಗೆ: ಖಾಕಿ ಬಟ್ಟೆಯ ಚೀಲದಲ್ಲಿ ಹಾಕಿ, ರಾಶಿಯ ಗುರುತು ಬರೆದ ಚೀಟಿಗೆ ನಾನು ಸಹಿ ಹಾಕಿ, ಆರಿಸುವವರ ಯಜಮಾನಿ ಹೆಬ್ಬೆಟ್ಟು ಒತ್ತಿ, ಬಾಯಿಗೆ ಅರಗಿನ ಮುದ್ರೆ. ಅಕ್ಕ ಬಂದು ಹೆಬ್ಬೆಟ್ಟು ಒತ್ತಿ ಹೋದಳು. ತಜ್ಞ ತೃಪ್ತನಾಗಿ ಗಣೇಶಗುಡಿಗೆ ಹೋಗಿ ರಬ್ಬರ್ ದೋಣಿಯಲ್ಲಿ ಕೂತು ಕಾಳಿ ನದಿಯಲ್ಲಿ ತೇಲಿದ. ನಾನು ಪುಡಿ ಮಾಡಿ ನೋಡಿದರೆ ಅಂಕಿ ನೆತ್ತಿಗೇರಿತ್ತು. ಇದಕ್ಕಿಂತ ಒಳ್ಳೆಯ ಕಲ್ಲು ನಮ್ಮ ಗುಡ್ಡದಿಂದ ಕಾಗದಕ್ಕೆ ಬಂದೇ ಇರಲಿಲ್ಲ.

ಮ್ಯಾನೇಜರ್ ಕುಣಿದಾಡಿದ. ಗ್ಲೋಬಲ್ ಭಾಷೆ ಮರೆತು ಮರಾಠಿಯಲ್ಲಿ ಬೈದ. ಅಕ್ಕನನ್ನು ಕರೆಸಿದ. ಆಕೆ ಬಂದು ವಿಷಯ ತಿಳಿದು ಕಟ್ಟೆಯ ರಾಶಿ, ಹಿಂದಿನ ತಿಪ್ಪೆ ಎರಡನ್ನೂ ನೋಡಿ ನಿಜವಾಗಿ ನಾಚಿಕೊಂಡಳು. ನಾನು ಆಕೆಯನ್ನು ಬಲ್ಲ ಅಷ್ಟು ವರ್ಷದಲ್ಲಿ ಆಕೆ ತಲೆ ತಗ್ಗಿಸಿದ್ದು ಅದೊಂದೇ ಸಲ.

"ತಪ್ಪಾತ್ರಿ. ಹೇಳಿದ್ರಿ, ಕೇಳೇವಿ. ಆದರ ಕೈ ಕೇಳಲಿಲ್ಲ" ಎಂದಳು.

ಆಮೇಲೆ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, ಒಳ್ಳೆ ಕಲ್ಲು ಬಂದರೆ ಇವರಿಗೆ ಯಾಕೆ ಸಿಟ್ಟು ಎಂದು ನನ್ನನ್ನು ಕೇಳಿದಳು. ಹೇಳಬಾರದಿತ್ತು, ಹೇಳಿದೆ. ಕುಲುಮೆಯ ಷರತ್ತು, ದರ್ಜೆ, ಎಡಗೈ ಬಲಗೈ, ಎಲ್ಲ. ಕೆಳದರ್ಜೆ ಎಂದಾದರೆ ಆರಿಸುವ ಕೆಲಸವೇ ಇರುವುದಿಲ್ಲ, ನೀವು ಮೂವತ್ತು ಜನ ಮನೆಗೆ ಎಂದೂ ಹೇಳಿದೆ. ಆಕೆ ಎಲ್ಲ ಕೇಳಿ, ಹಂಗಾದರ ಕೈ ಮಾಡಿದ್ದ ಛಲೋ ಆತು, ನೀವು ಬಂದದ್ದನ್ನ ಬಂದಂಗ ಬರೀರಿ ಎಂದಳು. ಹೂಂ ಎಂದೆ. ಆ ಹೂಂ ಹೇಳುವಾಗ ನನಗೆ ನಂಬಿಕೆ ಇತ್ತು, ಅದನ್ನಾದರೂ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ.

ಆ ನಂಬಿಕೆ ಮಾರನೆಯ ದಿನ ಬೆಳಗ್ಗೆ ಹತ್ತರವರೆಗೆ ಉಳಿಯಿತು. ಮ್ಯಾನೇಜರ್ ಕರೆದು, ಕೂರಿಸಿ, ಚಹಾ ತರಿಸಿ, ನನ್ನ ಭವಿಷ್ಯದ ಬಗ್ಗೆ ಮಾತಾಡಿದ. ಪ್ರಯೋಗಶಾಲೆಗೆ ಮುಖ್ಯಸ್ಥ ಬೇಕು ಎಂದ. ಆ ಮಾದರಿಯಲ್ಲಿ ದೋಷವಿದೆ, ಅದನ್ನು ಎಸೆದು ಬೇರೆ ತೆಗೆ ಎಂದ. ಬೇರೆ ಎಂದರೆ ಎಲ್ಲಿಂದ ಎಂದು ಕೇಳಲಿಲ್ಲ, ನನಗೆ ಗೊತ್ತಿತ್ತು. ಹಿಂದಿನ ತಿಪ್ಪೆಯಿಂದ, ಎಡಗಡೆಯ ಕಲ್ಲಿನಿಂದ ಎರಡು ಹಿಡಿ ತಂದೆ. ಮೊದಲಿನ ಸಾಕ್ಷಿ ಚೀಲವನ್ನು ಅದೇ ತಿಪ್ಪೆಗೆ ಎಸೆದೆ. ಸುಡಬಹುದಿತ್ತು, ಹೊಳೆಗೆ ಹಾಕಬಹುದಿತ್ತು. ಕೆಟ್ಟ ಕೆಲಸ ಮಾಡುವಾಗಲೂ ನನಗೆ ಸೋಮಾರಿತನ.

ಹೊಸ ಚೀಲಕ್ಕೆ ಹೆಬ್ಬೆಟ್ಟು ಒತ್ತಲು ಅಕ್ಕನನ್ನು ಕರೆದೆ. ಆಕೆ ಮಸಿಯ ಡಬ್ಬಿಯ ಕಡೆ ಕೈ ಚಾಚಲಿಲ್ಲ. ಚೀಲವನ್ನು ಅಂಗೈಯಲ್ಲಿ ಎತ್ತಿದಳು, ಒಮ್ಮೆ ಕುಲುಕಿದಳು, ಮೇಜಿನ ಮೇಲೆ ಇಟ್ಟಳು.

"ಇದು ನಮ್ಮ ರಾಶಿದಲ್ರಿ."

"ಹೆಬ್ಬೆಟ್ಟು ಒತ್ರಿ ಅಕ್ಕಾರ. ಮ್ಯಾಲಿಂದ ಹೇಳ್ಯಾರ" ಎಂದೆ.

ಆಕೆ ಬೈಯಲಿಲ್ಲ. ನನ್ನ ಮುಖ ನೋಡಿ ಹೊರಗೆ ಹೋದಳು. ನಾನು ಬಾಗಿಲು ಹಾಕಿಕೊಂಡು, ಆಕೆಯ ಹೆಬ್ಬೆಟ್ಟಿನ ಜಾಗದಲ್ಲಿ ನನ್ನದನ್ನೇ ಒತ್ತಿದೆ. ಕಾಗದ ಮೇಲೆ ಹೋಯಿತು. ಗುಡ್ಡ ಕೆಳದರ್ಜೆಯದಾಯಿತು.

ಹದಿನೈದು ದಿನದಲ್ಲಿ ಮೂವತ್ತು ಹೆಂಗಸರೂ ಸುತ್ತಿಗೆ ಒಪ್ಪಿಸಿ ಮನೆಗೆ ಹೋದರು. ಯಂತ್ರ ಅಗೆಯಿತು, ಲಾರಿಗಳು ಬಂದರಿಗೆ ಓಡಿದವು. ಕಂಪನಿಗೆ ಒಳ್ಳೆಯ ರಫ್ತುದಾರ ಎಂದು ಒಂದು ಗಾಜಿನ ಫಲಕ ಬಂತು, ಅದರ ಜೊತೆ ನಾವೆಲ್ಲ ಫೋಟೋ ತೆಗೆಸಿಕೊಂಡೆವು. ದೇಶದ ರಫ್ತಿನ ಪಟ್ಟಿಯಲ್ಲಿ ನಮ್ಮ ಗುಡ್ಡವೂ ಒಂದು ಗೆರೆ ಮೇಲಕ್ಕೆ ಎಳೆದಿರಬೇಕು. ದಾಂಡೇಲಿಯ ಕುಲುಮೆ ದೂರದಿಂದ ಕಲ್ಲು ತರಿಸಿ ಕೆಲವು ಕಾಲ ಉಸಿರಾಡಿತು, ಆಮೇಲೆ ಆರಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಹೊರಗೆ ಕಲ್ಲಿನ ಬೆಲೆ ಬಿತ್ತಂತೆ, ಕಂಪನಿ ಬೇರೆ ಯಾವುದೋ ದೇಶಕ್ಕೆ ಹೊರಟಿತು. ಗುಡ್ಡದಲ್ಲಿ ಒಂದು ದೊಡ್ಡ ಗುಂಡಿ, ಅದರಲ್ಲಿ ಹಸಿರು ನೀರು. ಹೊರಡುವ ಮೊದಲು ಪ್ರಯೋಗಶಾಲೆಯ ಮುಖ್ಯಸ್ಥನಿಗೆ ಒಂದು ತಿಂಗಳ ನೋಟಿಸು ಕೊಟ್ಟರು. ಆ ಮುಖ್ಯಸ್ಥ ಉಳಿಸಿದ ಸಂಬಳದಲ್ಲಿ ಹಳಿಯಾಳದಲ್ಲಿ ಅಂಗಡಿ ತೆರೆದ. ಅಪ್ಪನಿಗೆ ಬಹಳ ಸಂತೋಷವಾಯಿತು, ಕೊನೆಗೂ ತಕ್ಕಡಿಗೆ ಬಂದನಲ್ಲ ಎಂದು.

ಅಂಗಡಿ ತೆರೆದ ಮೊದಲ ವರ್ಷವೇ, ಬಿತ್ತನೆಗೆ ಮುಂಚೆ, ಆಕೆ ಬಂದಳು. ಬಯ್ಯಲು ಬಂದಳೆಂದುಕೊಂಡೆ. ಗುದ್ದಲಿ ಬೇಕು ಎಂದಳು. ಗೋಡೆಗೆ ಒರಗಿಸಿದ್ದ ಅಷ್ಟನ್ನೂ ಒಂದೊಂದಾಗಿ ಎತ್ತಿ, ತೂಕ ಹಿಡಿದು, ಮೂಗು ಮುರಿದು, ಕೊನೆಗೆ ಒಂದನ್ನು ತೆಗೆದುಕೊಂಡಳು. ಬೆಲೆ ಇಳಿಸುತ್ತೇನೆ ಎಂದೆ, ಬ್ಯಾಡ ಎಂದಳು. ಆಮೇಲೆ ಪ್ರತಿ ವರ್ಷ ಬಂದಳು. ಊರಲ್ಲಿ ಬೇರೆ ನಾಲ್ಕು ಅಂಗಡಿಗಳಿದ್ದವು, ಅಲ್ಲಿಗೆ ಹೋಗಲಿಲ್ಲ. ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಅರ್ಥಗಳೆಲ್ಲ ಅಂಥವೇ.

ಒಂದು ಸಲ ಹೊರದೇಶದ ಗುದ್ದಲಿ ತರಿಸಿದ್ದೆ. ಒಳ್ಳೆಯ ಉಕ್ಕು, ನೀಲಿ ಬಣ್ಣ, ಅಂಟಿಸಿದ ಚೀಟಿಯ ಮೇಲೆ ಯಾವುದೋ ದೇಶದ ಹೆಸರು. ಆಕೆ ಅದನ್ನು ಎತ್ತಿ, ಬೆರಳಿಂದ ತಟ್ಟಿ ಸಪ್ಪಳ ಕೇಳಿ, ಬೆಲೆ ಕೇಳಿದಳು. ಹೇಳಿದೆ. ಅಂಗಡಿಯಲ್ಲಿ ಐದಾರು ಜನ ಇದ್ದರು.

"ಹೋಗೂ ಮುಂದ ಮಣ್ಣು ಅಂತ ಬರದ್ರಿ. ಬರೂ ಮುಂದ ಬೆಳ್ಳಿ ಆಗೇತೇನ್ರಿ?" ಎಂದಳು.

ಗಿರಾಕಿಗಳಿಗೆ ಅರ್ಥವಾಗಲಿಲ್ಲ. ಆ ಹಳೆಯ ಸಂಗತಿಯ ಹತ್ತಿರಕ್ಕೆ ಆಕೆ ಬಂದದ್ದು ಅಷ್ಟೇ. ವಿದೇಶಿ ಬಂಡವಾಳದಿಂದ ನಮ್ಮಂಥ ದೇಶದ ವ್ಯಾಪಾರ ಏನಾಗುತ್ತದೆ ಎಂದು ಪಂಡಿತರು ದಪ್ಪ ದಪ್ಪ ವರದಿ ಬರೆಯುತ್ತಾರೆ. ಆಕೆ ಓದಲು ಬರೆಯಲು ಬಾರದವಳು, ನನ್ನ ಗಲ್ಲಾಪೆಟ್ಟಿಗೆಯ ಮುಂದೆ ಒಂದು ಗುದ್ದಲಿ ಹಿಡಿದು ಅಷ್ಟನ್ನೂ ಹೇಳಿ ಮುಗಿಸಿದಳು. ನಾನು ಆ ಗುದ್ದಲಿಯನ್ನು ಇನ್ನೊಬ್ಬನಿಗೆ ಮಾರಿದೆ.

ಹೋದ ವರ್ಷ ಮಳೆ ನಿಂತ ಮೇಲೆ ಮತ್ತೊಂದು ಕಂಪನಿ ಬಂತು. ಮತ್ತೆ ಹೊರಗಿನ ಹಣ, ಮತ್ತೆ ಅದೇ ಗುಡ್ಡದ ಇನ್ನೊಂದು ಮಗ್ಗುಲು. ಈ ಸಲ ಉಕ್ಕಿಗಲ್ಲ, ಬ್ಯಾಟರಿಗೆ ಅಂತೆ. ಪರಿಸರ ಉಳಿಸುವ ಗಾಡಿಗಳಿಗಾಗಿ ನಮ್ಮ ಕಾಡು ಅಗೆಯಬೇಕಂತೆ. ಜೋಯಿಡಾದಲ್ಲಿ ಅಹವಾಲು ಸಭೆ ಕರೆದರು. ಗುಡ್ಡದ ಕೆಳಗಿನವರ ಬೇಡಿಕೆ ಚಿಕ್ಕದಿತ್ತು: ಇದು ಒಳ್ಳೆ ಕಲ್ಲು ಎಂದು ಒಪ್ಪಿಕೊಳ್ಳಿ, ಹಳೆಯ ಷರತ್ತಿನಂತೆ ಇಲ್ಲೇ ಆರಿಸಿ ಇಲ್ಲೇ ಕರಗಿಸಿ, ಆಗದಿದ್ದರೆ ಗುಡ್ಡ ಬಿಟ್ಟುಬಿಡಿ. ನಾನೂ ಹೋಗಿದ್ದೆ. ಊರಿನ ಕಾಳಜಿಯಿಂದಲ್ಲ. ಹೊಸ ಕಂಪನಿಗೆ ಸಲಿಕೆ, ಹಾರೆ, ಹಗ್ಗ ಒದಗಿಸುವ ಗುತ್ತಿಗೆ ಸಿಗುವ ಸಂಭವವಿತ್ತು, ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರು.

ಅಧಿಕಾರಿ ವರದಿ ಓದಿದರು. ಈ ಗುಡ್ಡದ ಅದಿರು ಕೆಳದರ್ಜೆಯದು, ಸ್ಥಳೀಯ ಕುಲುಮೆಗೆ ಅಯೋಗ್ಯ, ರಫ್ತಿಗೆ ಮಾತ್ರ ತಕ್ಕದ್ದು ಎಂದು ಹಿಂದಿನ ಪರೀಕ್ಷೆಯಿಂದ ಸಿದ್ಧವಾಗಿದೆ ಎಂದರು. ಅಂಕಿ ಓದಿದರು. ನನ್ನದೇ ಅಂಕಿ. ಇಪ್ಪತ್ತು ವರ್ಷದಲ್ಲಿ ಅದಕ್ಕೆ ಮೀಸೆ ಬಂದು ಸತ್ಯವಾಗಿತ್ತು.

ಹಿಂದಿನ ಸಾಲಿನಿಂದ ಅಕ್ಕ ಎದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು, ಪಕ್ಕದಲ್ಲಿ ಆಕೆಯ ತಂಗಿ ಕೈ ಹಿಡಿದಿದ್ದಳು. ಅದು ಸುಳ್ಳು, ನಾವು ಆ ಕಲ್ಲು ಹನ್ನೆರಡು ವರ್ಷ ಎತ್ತಿದವರು, ಅದರ ತೂಕ ನಮಗೆ ಗೊತ್ತು ಎಂದಳು. ಅಧಿಕಾರಿ ಸೌಮ್ಯವಾಗಿಯೇ ಕೇಳಿದರು, ತಾಯೀ, ಕಾಗದ ಪತ್ರ ಏನಾದರೂ ಇದೆಯೇ ಎಂದು. ತಂಗಿ ಏನೋ ಹೇಳಲು ಬಾಯಿ ತೆರೆದಳು, ಅಕ್ಕ ಅವಳ ಕೈ ಒತ್ತಿ ಸುಮ್ಮನಿರಿಸಿದ್ದು ನನಗೆ ಕಂಡಿತು.

"ಬರದವ್ರು ಇಲ್ಲೇ ಮುಂದ ಕುಂತಾರ್ರಿ. ಪುಡಿ ಸಾಹೇಬ್ರನ್ನ ಕೇಳ್ರಿ" ಎಂದಳು.

ಇಡೀ ಸಭೆ ನನ್ನ ಕಡೆ ತಿರುಗಿತು. ನಾನು ಎದ್ದು ನಿಂತೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಅದರಲ್ಲಿ ಸಿಟ್ಟಿರಲಿಲ್ಲ, ಕಲ್ಲು ಎತ್ತುವಾಗ ಇರುತ್ತಿದ್ದ ಮುಖ ಅದು.

"ಭಾಳ ವರ್ಷ ಆತ್ರಿ. ನನಗ ನೆನಪಿಲ್ಲ" ಎಂದೆ.

ಆಕೆ ಕೂತಳು. ಸಭೆ ಮುಂದೆ ಹೋಯಿತು. ಜನ ಗಲಾಟೆ ಮಾಡಿದ್ದರಿಂದ ಅಧಿಕಾರಿ ಇನ್ನೊಂದು ಸಭೆ ಕರೆಯುವುದಾಗಿ ಹೇಳಿ ಎದ್ದರು. ಹೊರಗೆ ಬಸ್ ನಿಲ್ದಾಣದಲ್ಲಿ ನಾನು ಆಕೆಯ ಎದುರಿಗೇ ಸಿಕ್ಕೆ. ಆಕೆ ನನ್ನನ್ನು ದಾಟಿ ಬಸ್ಸು ಹತ್ತಿದಳು. ಈ ವರ್ಷ ಬಿತ್ತನೆ ಕಾಲ ಬಂತು, ಹೋಯಿತು, ಆಕೆ ಗುದ್ದಲಿಗೆ ಬರಲಿಲ್ಲ. ಗುತ್ತಿಗೆ ಇನ್ನೂ ಆಗಿಲ್ಲ, ಆಗುವ ಹಾಗಿದೆ.

ತೀರಿಕೊಂಡ ಸುದ್ದಿ ತಿಳಿದು ನಾಲ್ಕನೆಯ ದಿನ ಹಳ್ಳಿಗೆ ಹೋದೆ. ಹಟ್ಟಿಯ ಮುಂದೆ ಆಕೆಯ ತಂಗಿ ಮತ್ತು ಹಳೆಯ ಅಂಗಳದ ಕೆಲವು ಹೆಂಗಸರು ಕೂತಿದ್ದರು. ಮಂಚದ ಕೆಳಗೆ ಆ ಹಳದಿ ಹೆಲ್ಮೆಟ್ಟು ಇನ್ನೂ ಇತ್ತು, ಬಣ್ಣ ಹೋಗಿತ್ತು, ಒಳಗೆ ಕೋಳಿ ಕೂತಿತ್ತು. ನೀರು ಕೊಟ್ಟರು, ಕುಡಿದೆ. ಆಕೆ ಒಳ್ಳೆಯವಳಾಗಿದ್ದಳು ಎಂದೆ.

ತಂಗಿ ಒಳಗೆ ಹೋಗಿ ಒಂದು ಗಂಟು ತಂದು, ನನ್ನ ಎದುರಿಗೆ ಬಿಚ್ಚಿದಳು. ಖಾಕಿ ಬಟ್ಟೆಯ ಚೀಲ. ಬಾಯಿಗೆ ಅರಗು, ಅರಗಿನ ಮೇಲೆ ನಮ್ಮ ಪ್ರಯೋಗಶಾಲೆಯ ಮುದ್ರೆ. ಚೀಟಿಯ ಶಾಯಿ ಮಾಸಿದ್ದರೂ ನನ್ನ ಸಹಿ ಓದುವ ಹಾಗಿತ್ತು. ಅದರ ಕೆಳಗೆ ಅಗಲವಾದ ಹೆಬ್ಬೆಟ್ಟು, ಅದು ಆಕೆಯದೇ.

ತಿಪ್ಪೆಗೆ ಎಸೆದಿದ್ದೆ ನಾನು. ಕೆಟ್ಟ ಕಲ್ಲಿನ ನಡುವೆ ಒಳ್ಳೆಯ ಕಲ್ಲು ಬಿದ್ದಿದ್ದರೆ ಎತ್ತಿಕೊಳ್ಳದೆ ಮುಂದೆ ಹೋಗಲು ಆಗದ ಜನರ ಕಣ್ಣೆದುರಿಗೇ ಎಸೆದಿದ್ದೆ. ಆವತ್ತು ಹೆಬ್ಬೆಟ್ಟು ಒತ್ತದೆ ಹೊರಗೆ ಹೋದವಳು ಸೀದಾ ಅಲ್ಲಿಗೇ ಹೋಗಿದ್ದಳಂತೆ. ಇಪ್ಪತ್ತು ವರ್ಷದಿಂದ ಅದು ಆಕೆಯ ತಲೆದಿಂಬಿನ ಕೆಳಗಿತ್ತಂತೆ. ಆಕೆ ಅಂಗಡಿಗೆ ಬಂದು ಗುದ್ದಲಿ ಎತ್ತಿ ನೋಡುತ್ತಿದ್ದ ಅಷ್ಟೂ ವರ್ಷ ಅದು ಅಲ್ಲಿತ್ತು. ಸಭೆಯ ದಿನವೂ ಇತ್ತೇ ಎಂದು ಕೇಳಿದೆ.

"ನನ್ನ ಸೆರಗಿನಾಗ ಇತ್ರಿ. ತಗೀತೇನಿ ಅಂದೆ. ಬ್ಯಾಡ, ಅವರು ತಾವ ಹೇಳ್ಲಿ ಅಂದ್ಲು. ಮೊದಲ 'ಹೂಂ' ಅಂದವ್ರು, ಈ ಸಲ ಹೇಳ್ತಾರ ಅಂದ್ಲು" ಎಂದಳು ತಂಗಿ.

ನಾನು ಕೈ ಚಾಚಿದೆ. ಅಷ್ಟು ವರ್ಷ ಪುಡಿ ಮಾಡಿದ ಕೈ, ಒಮ್ಮೆಯಾದರೂ ಅದರ ತೂಕ ನೋಡಬೇಕೆನ್ನಿಸಿತು. ತಂಗಿ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ತೋರಿಸು ಅಂದಾಳ್ರಿ. ಕೈಯಾಗ ಕೊಡಬ್ಯಾಡ ಅಂದಾಳ."

ಅವಳು ಗಂಟು ಮತ್ತೆ ಕಟ್ಟಿದಳು. ಬರುವ ಮಂಗಳವಾರ ಜೋಯಿಡಾದಲ್ಲಿ ಎರಡನೆಯ ಸಭೆ, ನಾವೆಲ್ಲ ಬೆಳಗಿನ ಬಸ್ಸಿಗೆ ಅದನ್ನು ಒಯ್ಯುತ್ತೇವೆ ಎಂದಳು. ನಾನೂ ಬರುತ್ತೇನೆ, ಎದ್ದು ನಿಂತು ಎಲ್ಲ ಹೇಳುತ್ತೇನೆ ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಯಾರೂ ನನ್ನ ಮಾತನ್ನು ಬಲಕ್ಕೆ ಇಡಲಿಲ್ಲ.

"ಬರ್ರಿ" ಎಂದಳು ತಂಗಿ, ಏಳುತ್ತ. "ಬಸ್ಸು ಎಲ್ಲಾರ್ದೂ ಐತಲ್ರಿ."